ಕ್ಯಾರವಾನ್ ಮೇಲಿನ ಎಸಿ ಮಧ್ಯಾಹ್ನ ಕೈ ಕೊಡುತ್ತದೆ, ಗ್ಯಾಸ್ ಹಾಕಿಸಲಾ?

ಕೌಲ್‌ಬಜಾರ್ ಟಿಟಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಿಂದ ಬರೆಯುತ್ತಿದ್ದೇನೆ. ಹಳೆಯ ಟಿಟಿ (ಟೆಂಪೋ ಟ್ರಾವೆಲರ್) ಗಾಡಿಯನ್ನು ಯಾರೋ ಕ್ಯಾರವಾನ್ ಮಾಡಿಸಿಕೊಂಡಿದ್ದರು. ಅದನ್ನು ಹೈದರಾಬಾದ್ ಕಡೆಯಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದಿದ್ದೇನೆ. ಒಳಗೆ ಎರಡು ಮಂಚ, ಚಿಕ್ಕ ಅಡುಗೆ ಕಟ್ಟೆ, ಛಾವಣಿ ಮೇಲೆ ರೂಫ್‌ಟಾಪ್ ಎಸಿ. ಗಾಡಿ ಚೆನ್ನಾಗಿದೆ. ತಲೆನೋವು ಎಸಿಯದ್ದು.

ಬೆಳಿಗ್ಗೆ ಹಾಕಿದರೆ ತಂಪು ಬರುತ್ತದೆ. ರಾತ್ರಿಯೂ ಪರವಾಗಿಲ್ಲ. ಬಿಸಿಲು ಏರಿತು ಅಂದರೆ ಆಟ ಶುರು. ಹತ್ತು ಹದಿನೈದು ನಿಮಿಷ ಓಡುತ್ತದೆ, ಆಮೇಲೆ ಕಂಪ್ರೆಸರ್ ನಿಲ್ಲುತ್ತದೆ. ಫ್ಯಾನ್ ಮಾತ್ರ ಬಿಸಿ ಗಾಳಿ ಊದುತ್ತಾ ಇರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮೇಲಿಂದ ‘ಗುಂಯ್’ ಅಂತ ಸದ್ದು, ಒಳಗಿನ ಲೈಟ್ ಮಂಕಾಗುತ್ತದೆ, ‘ಟಕ್’. ಮತ್ತೆ ಕಂಪ್ರೆಸರ್ ಸುಮ್ಮನಾಗುತ್ತದೆ. ಸಂಜೆ ತನಕ ಇದೇ ಗುಂಯ್, ಟಕ್.

ಇಲ್ಲೇ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆ. ಕವರ್ ಕೂಡ ಬಿಚ್ಚಲಿಲ್ಲ. ‘ಗ್ಯಾಸ್ ಹೋಗಿದೆ, 4,500 ಆಗುತ್ತೆ’ ಅಂದರು. ತಾಮ್ರದ ಪೈಪಿಗೆ ತೂತು ಮಾಡಿ ವಾಲ್ವ್ ಕೂರಿಸಬೇಕಂತೆ. ಅದೇ ಭಯ. ಅಕ್ಕನ ಮಕ್ಕಳು ರಜೆಗೆ ಬರುತ್ತಿದ್ದಾರೆ, ಆನೆಗೊಂದಿ, ಸಣಾಪುರ ಕಡೆ ಕರೆದುಕೊಂಡು ಹೋಗಬೇಕು. ಏನು ಮಾಡಲಿ?

ತುಂಗಭದ್ರಾ ದಂಡೆ

ಹಾಕಿಸಿಬಿಡಿ ಅಣ್ಣ. ನಮ್ಮ ಬಿಸಿಲಿಗೆ ಗ್ಯಾಸ್ ಹಾರಿಹೋಗುತ್ತದೆ.

ರಾಯಚೂರು ರಿವೈಂಡಿಂಗ್

ಬಿಸಿಲಿಗೆ ಹಾರಿಹೋಗಲು ಅದೇನು ಪೆಟ್ರೋಲಾ? ಪೈಪ್ ಒಳಗೆ ಬೆಸುಗೆ ಹಾಕಿ ಮುಚ್ಚಿದ ಗ್ಯಾಸ್ ಅದು. ತೂತು ಇಲ್ಲದೆ ಒಂದು ಗ್ರಾಂ ಕೂಡ ಹೊರಗೆ ಬರುವುದಿಲ್ಲ. ರೂಫ್‌ಟಾಪ್ ಯೂನಿಟ್‌ಗಳಲ್ಲಿ ಸ್ಪ್ಲಿಟ್ ಎಸಿ ತರಹ ಜೋಡಿಸುವ ಪೈಪ್ ಇರುವುದಿಲ್ಲ. ಹೆಚ್ಚಿನವಕ್ಕೆ ಗ್ಯಾಸ್ ಹಾಕುವ ಬಾಯಿಯೇ ಇರುವುದಿಲ್ಲ. ಅದಕ್ಕೇ ನಿಮ್ಮ ಮೆಕ್ಯಾನಿಕ್ ಪೈಪ್ ಚುಚ್ಚಬೇಕು ಅಂದಿದ್ದು.

ಟಿಟಿ ಅಣ್ಣ, ನೀವೇ ಬರೆದ ಲಕ್ಷಣ ನೋಡಿ. ಬೆಳಿಗ್ಗೆ ತಂಪು ಬರುತ್ತದೆ. ಗ್ಯಾಸ್ ಕಡಿಮೆ ಇದ್ದರೆ ಬೆಳಿಗ್ಗೆಯೂ ತಂಪು ಮಂದವಾಗಿಯೇ ಇರಬೇಕಿತ್ತು. ಗುಂಯ್ ಅಂದರೆ ಕಂಪ್ರೆಸರ್ ಏಳಲು ಒದ್ದಾಡುತ್ತಿದೆ, ಏಳಲಾಗುತ್ತಿಲ್ಲ. ಟಕ್ ಅಂದರೆ ಅದರ ತಲೆ ಮೇಲಿರುವ ಓವರ್‌ಲೋಡ್ ಬಿಸಿಯಾಗಿ ಲೈನ್ ಕತ್ತರಿಸಿತು. ಇದು ಕರೆಂಟಿನ ಕಾಯಿಲೆ, ಇಲ್ಲವೇ ಬಿಸಿ ಹೊರಗೆ ಹೋಗದ ಕಾಯಿಲೆ. ಎರಡೂ ಇರಬಹುದು.

ಸದ್ಯಕ್ಕೆ ಮೂರು ವಿಷಯ ಹೇಳಿ. ಎಸಿ ಓಡುವಾಗ ಎಸಿಯ ತುದಿಯಲ್ಲೇ ವೋಲ್ಟೇಜ್ ಎಷ್ಟು? ಮನೆಯಿಂದ ಗಾಡಿಗೆ ಎಳೆದ ವೈರ್ ಎಷ್ಟು ದಪ್ಪ, ಎಷ್ಟು ಉದ್ದ? ಕಂಪ್ರೆಸರ್ ಏಳಲು ಒತ್ತು ಕೊಡುವ ಕೆಪಾಸಿಟರ್ ಯಾವತ್ತಾದರೂ ಬದಲಾಯಿಸಿದ್ದಾರಾ?

ಸಂಡೂರು ಲಾರಿ

ಬಳ್ಳಾರಿಯಲ್ಲಿ ಗಾಡಿ ಎಲ್ಲಿ ನಿಲ್ಲಿಸುತ್ತೀರಿ? ತೋರಣಗಲ್ಲು, ಸಂಡೂರು ರೋಡಿನಲ್ಲಿ ಓಡಾಟ ಜಾಸ್ತಿ ಇದ್ದರೆ ಮೊದಲು ಮೇಲಿನ ಕವರ್ ಬಿಚ್ಚಿ ಕಂಡೆನ್ಸರ್, ಅಂದರೆ ಬಿಸಿ ಹೊರಗೆ ಬಿಡುವ ಕಾಯಿಲ್, ನೋಡಿ. ನಮ್ಮ ಕೆಂಪು ಧೂಳು ಸುಮ್ನೆ ಕೂರುವುದಿಲ್ಲ. ಅದಿರಿನ ಪುಡಿ ತೂಕ ಇರುತ್ತದೆ, ಕಾಯಿಲ್ ಮೇಲಿನ ತೆಳು ತಗಡಿನ ಫಿನ್ ಸಂದಿಯಲ್ಲಿ ಇಳಿದು ಗಟ್ಟಿಯಾಗುತ್ತದೆ. ಹೊರಗಿನಿಂದ ಕಾಯಿಲ್ ಚೆನ್ನಾಗಿಯೇ ಕಾಣುತ್ತದೆ. ಹಿಂದುಗಡೆಯಿಂದ ಟಾರ್ಚ್ ಬಿಟ್ಟು ನೋಡಿ. ಬೆಳಕು ಈಚೆ ಬರದಿದ್ದರೆ ಗಾಳಿಯೂ ಬರುವುದಿಲ್ಲ.

ಒಂದು ಮಾತು. ಸೀದಾ ನೀರು ಹೊಡೆಯಬೇಡಿ. ಈ ಧೂಳಿಗೆ ನೀರು ಬಿದ್ದರೆ ಒಳಗೇ ಕೆಸರಾಗಿ ಅಂಟುತ್ತದೆ. ಮೊದಲು ಮೆತ್ತನೆ ಬ್ರಶ್‌ನಲ್ಲಿ ಫಿನ್ ಉದ್ದಕ್ಕೆ ಉಜ್ಜಿ, ಬ್ಲೋಯರ್ ಇದ್ದರೆ ಒಳಗಿನಿಂದ ಹೊರಕ್ಕೆ ಊದಿ. ಕೊನೆಗೆ ಕಡಿಮೆ ಪ್ರೆಶರ್‌ನಲ್ಲಿ ನೀರು. ಗಾಡಿ ತೊಳೆಯುವ ವಾಟರ್ ಸರ್ವಿಸ್ ಗನ್ ಹತ್ತಿರ ಕೂಡ ತರಬೇಡಿ, ಫಿನ್ ಎಲ್ಲಾ ಮಡಚಿ ಮಲಗುತ್ತವೆ. ಮೋಟಾರ್‌ಗೂ ಕೆಪಾಸಿಟರ್‌ಗೂ ಪ್ಲಾಸ್ಟಿಕ್ ಚೀಲ ಕಟ್ಟಿ.

ಗಂಗಾವತಿ ಮಿಲ್

ನಮ್ಮ ಕಡೆ ಅದಿರಿನ ಧೂಳಲ್ಲ, ಭತ್ತದ ಹೊಟ್ಟು. ರೈಸ್ ಮಿಲ್ ಪಕ್ಕ ಗಾಡಿ ನಿಲ್ಲಿಸಿದರೆ ಫಿಲ್ಟರ್ ಒಂದು ವಾರ ತಡೆಯುವುದಿಲ್ಲ.

ಕೌಲ್‌ಬಜಾರ್ ಟಿಟಿ

ಬೆಳಿಗ್ಗೆ ಬೇಗ ಏಣಿ ಹಾಕಿ ಹತ್ತಿದೆ. ತಡವಾದರೆ ತಗಡಿನ ಮೇಲೆ ಕೈ ಇಡಲೂ ಆಗುವುದಿಲ್ಲ. ಸಂಡೂರು ಅಣ್ಣ ಹೇಳಿದ ಹಾಗೇ ಇತ್ತು. ಟಾರ್ಚ್ ಬೆಳಕು ಅರ್ಧ ಕಾಯಿಲ್‌ನಲ್ಲಿ ಈಚೆ ಬರಲೇ ಇಲ್ಲ. ಉಜ್ಜಿ ತೆಗೆದ ಧೂಳು ಒಂದು ಡಬ್ಬಿ ತುಂಬ ಆಯಿತು.

ಈಗ ರೀಡಿಂಗ್. ಮನೆ ಪ್ಲಗ್ ಹತ್ತಿರ 226 ವೋಲ್ಟ್. ವೈರ್ 30 ಮೀಟರ್, 1 ಎಂಎಂ. ಆದರೆ ಎಸಿ ತುದಿಯಲ್ಲಿ ಇಟ್ಟರೆ ಮೀಟರ್ 108 ತೋರಿಸುತ್ತದೆ! ಕಂಪ್ರೆಸರ್ ಗುಂಯ್ ಅನ್ನುವಾಗ 84ಕ್ಕೆ ಇಳಿಯುತ್ತದೆ. ಮೀಟರ್ ಕೆಟ್ಟಿದೆಯಾ? ಮನೆ ಪ್ಲಗ್‌ನಲ್ಲಿ ಸರಿಯಾಗಿಯೇ ತೋರಿಸುತ್ತಿದೆಯಲ್ಲ.

ಕೊಪ್ಪಳದವ, ಈಗ ಟೆಕ್ಸಾಸ್

ಮೀಟರ್ ಕೆಟ್ಟಿಲ್ಲ ಅನಿಸುತ್ತದೆ ಬ್ರದರ್. ಎಸಿಯ ಪ್ಲೇಟ್ ಓದಿ, ಸಾಧ್ಯವಾದರೆ ಇಲ್ಲಿ ಬರೆಯಿರಿ. ಗಾಡಿ ಒಳಗೆ ಎಲ್ಲಾದರೂ ಭಾರದ ಡಬ್ಬ ಇದೆಯಾ ಅಂತಲೂ ನೋಡಿ. ಮಂಚದ ಕೆಳಗೆ, ಸೀಟಿನ ಕೆಳಗೆ. ಮುಟ್ಟಿದರೆ ನಡುಗುವಂಥದ್ದು.

ಇಲ್ಲಿ ಅಮೆರಿಕದಲ್ಲಿ ಆರ್‌ವಿ (ಕ್ಯಾರವಾನ್) ಛಾವಣಿಯ ಎಸಿಗಳೆಲ್ಲಾ ಹೆಚ್ಚುಕಡಿಮೆ ಒಂದೇ ಅಚ್ಚು. 14 ಇಂಚು ಚೌಕದ ತೂತು, 13,500 ಅಥವಾ 15,000 ಬಿಟಿಯು. ಬಿಟಿಯು ಅಂದರೆ ತಂಪಿನ ಅಳತೆ, ನಮ್ಮ ಲೆಕ್ಕದಲ್ಲಿ 12,000 ಬಿಟಿಯುಗೆ ಒಂದು ಟನ್. ಕರೆಂಟ್ ಮಾತ್ರ ಬೇರೆ.

ಕೌಲ್‌ಬಜಾರ್ ಟಿಟಿ

ಮಂಚದ ಕೆಳಗೆ ಇದೆ! ಕಪ್ಪು ಬಣ್ಣದ ಡಬ್ಬ, ಎತ್ತಲು ಇಬ್ಬರು ಬೇಕು. ಮಾರಿದವರು ಅದನ್ನು ಸ್ಟೆಬಿಲೈಜರ್ ಅಂತ ಹೇಳಿದ್ದರು. ಮೇಲೆ 2 ಕೆವಿಎ ಅಂತ ಬರೆದಿದೆ.

ಪ್ಲೇಟ್ ಕಂಪ್ರೆಸರ್ ಹಿಂದೆ ಬದಿಯ ತಗಡಿನ ಮೇಲಿತ್ತು. ಧೂಳು ಕೂತು ಅಕ್ಷರವೇ ಕಾಣುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಒಂದೊಂದೇ ಸಾಲು ಕಂಡಿತು. 13,500 ಬಿಟಿಯು. 115 ವೋಲ್ಟ್, 60 ಹರ್ಟ್ಸ್, 1 ಫೇಸ್. ಆರ್‌ಎಲ್‌ಎ 12.5. ಎಲ್‌ಆರ್‌ಎ 63. ಗ್ಯಾಸ್ ಆರ್-410ಎ. ಇದರಲ್ಲಿ ಏನು ಗೊತ್ತಾಗುತ್ತದೆ?

ರಾಯಚೂರು ರಿವೈಂಡಿಂಗ್

ಎಲ್ಲಾ ಗೊತ್ತಾಗುತ್ತದೆ ಅಣ್ಣ. ಕೂತು ಓದಿ, ಸ್ವಲ್ಪ ಉದ್ದ ಇದೆ.

ನಿಮ್ಮದು ಅಮೆರಿಕದ ಯೂನಿಟ್. ಯಾರೋ ತಂದು ಕೂರಿಸಿ, 230ನ್ನು 115 ಮಾಡುವ ಟ್ರಾನ್ಸ್‌ಫಾರ್ಮರ್ ಮಂಚದ ಕೆಳಗೆ ಇಟ್ಟಿದ್ದಾರೆ. ವೋಲ್ಟೇಜ್ ಏನೋ ಸರಿ ಹೋಯಿತು. ಆದರೆ ಟ್ರಾನ್ಸ್‌ಫಾರ್ಮರ್ ಹರ್ಟ್ಸ್, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಗುತ್ತದೆ ಅನ್ನುವುದನ್ನು, ಬದಲಾಯಿಸುವುದಿಲ್ಲ. ಅಲ್ಲಿ 60, ನಮ್ಮಲ್ಲಿ 50. ಮೋಟಾರಿನ ವೇಗ ಹರ್ಟ್ಸ್ ಮೇಲೆ ನಿಂತಿರುತ್ತದೆ. ಹಾಗಾಗಿ ಕಂಪ್ರೆಸರ್ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗುತ್ತದೆ. 13,500 ಬಿಟಿಯು ಅಂದಿದ್ದು ಸುಮಾರು 11,000 ಆಯಿತು, ಒಂದು ಟನ್ನಿಗಿಂತ ಕಡಿಮೆ. ಈ ಯೂನಿಟ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಫ್ಯಾನ್ ಮೋಟಾರ್, ಎರಡು ಕಡೆ ಶಾಫ್ಟ್. ಒಂದು ತುದಿ ಒಳಗೆ ತಂಪು ಊದುತ್ತದೆ, ಇನ್ನೊಂದು ತುದಿ ಕಂಡೆನ್ಸರ್ ತಣಿಸುತ್ತದೆ. ಅದೂ ನಿಧಾನ. ಅಂದರೆ 42 ಡಿಗ್ರಿ ಬಿಸಿಲಿನಲ್ಲಿ ಗಾಳಿ ಜಾಸ್ತಿ ಬೇಕಾದ ಹೊತ್ತಿಗೇ ಗಾಳಿ ಕಡಿಮೆ.

ಇನ್ನೂ ಇದೆ. 60 ಹರ್ಟ್ಸ್‌ಗೆ ಸುತ್ತಿದ ವೈಂಡಿಂಗ್‌ಗೆ 50ರಲ್ಲಿ 115 ವೋಲ್ಟ್ ಕೊಟ್ಟರೆ ಅದಕ್ಕೆ ಜಾಸ್ತಿಯೇ. ಲೆಕ್ಕದ ಪ್ರಕಾರ 96 ಸಾಕು. ಮೇಲಿನದ್ದು ಕಬ್ಬಿಣ ಬಿಸಿ ಮಾಡಲು ಖರ್ಚಾಗುತ್ತದೆ. ನೀರಿನ ಮೋಟಾರ್ ಸುಟ್ಟು ನನ್ನ ಅಂಗಡಿಗೆ ಬರುತ್ತವಲ್ಲ, ಬಿಚ್ಚಿದಾಗ ಬರುವ ಆ ವಾರ್ನಿಶ್ ಕರಕಲು ವಾಸನೆ ಇದೇ ದಾರಿಯದ್ದು. ನಿಮ್ಮ ಓವರ್‌ಲೋಡ್ ಪಾಪ ಇಷ್ಟು ದಿನ ಕಂಪ್ರೆಸರ್ ಜೀವ ಉಳಿಸಿದೆ. ಅದನ್ನು ಯಾರಾದರೂ ಬೈಪಾಸ್ ಮಾಡುತ್ತೇನೆ ಅಂದರೆ ಏಣಿ ಎತ್ತಿಕೊಂಡು ಹೋಗಿ.

ಆರ್‌ಎಲ್‌ಎ 12.5 ಅಂದರೆ ಓಡುವಾಗ ಎಳೆಯುವ ಆಂಪ್ಸ್. ಈಗ ಸ್ಟಾರ್ಟಿಂಗ್. ಎಲ್‌ಆರ್‌ಎ 63 ಅಂದರೆ ಏಳುವ ಕ್ಷಣಕ್ಕೆ 63 ಆಂಪ್ಸ್ ಎಳೆಯಬಹುದು. ಟ್ರಾನ್ಸ್‌ಫಾರ್ಮರ್‌ನ ಈಚೆಗೆ, 230ರ ಕಡೆ, ಅದು ಸುಮಾರು 31. 1 ಎಂಎಂ (ಚದರ ಎಂಎಂ) ತಾಮ್ರದ ವೈರ್ 30 ಮೀಟರ್, ಹೋಗಿ ಬರಲು 60 ಮೀಟರ್, ಸುಮಾರು 1.1 ಓಮ್. 31 ಇಂಟು 1.1, ವೈರ್‌ನಲ್ಲೇ 34 ವೋಲ್ಟ್ ನುಂಗಿಹೋಯಿತು. ಉಳಿದದ್ದನ್ನು 2 ಕೆವಿಎ ಡಬ್ಬ ಎಳೆದಾಡುತ್ತದೆ. ಆ ಕ್ಷಣಕ್ಕೆ ಕೇಳುವುದು 6 ಕೆವಿಎಗೂ ಮೇಲೆ. ನೀವು ನೋಡಿದ 84 ಇದೇ.

ಬೆಳಿಗ್ಗೆ ಕಂಡೆನ್ಸರ್ ಕಡೆಯ ಗ್ಯಾಸ್ ಪ್ರೆಶರ್ ಕಡಿಮೆ, ಆದ್ದರಿಂದ ಹೇಗೋ ಏಳುತ್ತದೆ. ಮಧ್ಯಾಹ್ನ ಏಳುವುದಿಲ್ಲ.

ಕೆಪಾಸಿಟರ್ ಅಳೆದು ಹೇಳಿ. ಮುಂಚೆ ಪ್ಲಗ್ ಕಿತ್ತು ಹಾಕಿ, ಬರೀ ಸ್ವಿಚ್ ಆಫ್ ಸಾಲದು. ಗಾಡಿಯಲ್ಲಿ ಬ್ಯಾಟರಿ ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ಕೆಪಾಸಿಟರ್ ಒಳಗೆ ಕರೆಂಟ್ ಉಳಿದಿರುತ್ತದೆ. ಎರಡು ವೈರ್ ಕಟ್ಟಿದ ಹಳೇ ಕಾಲದ 100 ವ್ಯಾಟ್ ಬಲ್ಬ್ ತಗುಲಿಸಿ ಡಿಸ್ಚಾರ್ಜ್ ಮಾಡಿ, ಆಮೇಲೆ ಕೈ ಹಾಕಿ.

ತುಂಗಭದ್ರಾ ದಂಡೆ

ಗ್ಯಾಸ್ ಅಂದಿದ್ದು ನಾನಲ್ಲ, ನನ್ನ ಫೋನ್.

ಸಿರುಗುಪ್ಪ ಎಸಿ ಮೇಸ್ತ್ರಿ

ಎಲ್ಲರೂ ಸೇರಿ ಮೆಕ್ಯಾನಿಕ್‌ಗಳಿಗೆ ಬೈಯುತ್ತಿದ್ದೀರಿ, ನಮ್ಮದೂ ಒಂದು ಮಾತು. ಹತ್ತು ಗಿರಾಕಿಗಳಲ್ಲಿ ಏಳು ಜನ ಬಾಗಿಲು ತೆಗೆಯುವ ಮುಂಚೆಯೇ ‘ಗ್ಯಾಸ್ ಹಾಕಿ ಸಾರ್’ ಅನ್ನುತ್ತಾರೆ. ಫಿಲ್ಟರ್ ತೊಳೆದು 300 ಕೇಳಿದರೆ ಜಗಳ. ಗ್ಯಾಸ್ ಅಂದರೆ ಸುಮ್ನೆ ಕೊಡುತ್ತಾರೆ.

ಆದರೆ ಈ ಕೇಸಿನಲ್ಲಿ ಗ್ಯಾಸ್ ಮುಟ್ಟಬಾರದು, ಒಪ್ಪುತ್ತೇನೆ. ಚುಚ್ಚಿ ಕೂರಿಸುವ ವಾಲ್ವ್ ಮನೆ ಫ್ರಿಜ್‌ಗೆ ನಡೆಯಬಹುದು. ನಮ್ಮ ರೋಡಿನಲ್ಲಿ ಕುಣಿಯುವ ಗಾಡಿಯಲ್ಲಿ ಅದೇ ಸೋರುವ ಜಾಗ ಆಗುತ್ತದೆ. ನಿಜವಾಗಿ ಗ್ಯಾಸ್ ಹೋಗಿದ್ದರೆ ಬೆಸುಗೆ ಹತ್ತಿರ ಎಣ್ಣೆ ಕಲೆ ಇರುತ್ತದೆ, ಅದಕ್ಕೆ ಧೂಳು ಅಂಟಿರುತ್ತದೆ. ಆಗ ತೂತು ಹುಡುಕಿ ಬೆಸೆದು, ವ್ಯಾಕ್ಯೂಮ್ ಮಾಡಿ, ಪ್ಲೇಟಿನಲ್ಲಿ ಬರೆದಷ್ಟೇ ತೂಕ ಹಾಕಬೇಕು. 410ಎ ಅನ್ನು ದ್ರವವಾಗಿ ಹಾಕಬೇಕು, ತಕ್ಕಡಿ ಬೇಕೇ ಬೇಕು. ಗೇಜ್ ಮುಳ್ಳು ನೋಡಿ ಅಂದಾಜಿಗೆ ತುಂಬುವವರ ಕೈಗೆ ಕೊಡಬೇಡಿ.

ವೈರ್ ಸುತ್ತ ಹಿಡಿದು ಆಂಪ್ಸ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಕಂಪ್ರೆಸರ್ ಓಡುವಾಗ ಆಂಪ್ಸ್ ನೋಡಿ. ಗ್ಯಾಸ್ ಕಡಿಮೆ ಇದ್ದರೆ ಆಂಪ್ಸ್ ಪ್ಲೇಟಿಗಿಂತ ಕಡಿಮೆ ಬರುತ್ತದೆ, ಕಂಪ್ರೆಸರ್‌ಗೆ ತಳ್ಳಲು ಏನೂ ಇರುವುದಿಲ್ಲವಲ್ಲ. ಜಾಸ್ತಿ ಬಂದರೆ ಗ್ಯಾಸ್ ಅಲ್ಲ.

ರಾಯಚೂರು ರಿವೈಂಡಿಂಗ್

ಮೇಸ್ತ್ರಿ, ಜಾಸ್ತಿ ಆಂಪ್ಸ್ ಧೂಳಿಂದಲೂ ಬರುತ್ತದೆ, ಬಿಸಿಲಿಂದಲೂ ಬರುತ್ತದೆ. ಅದೊಂದೇ ನೋಡಿ ತೀರ್ಮಾನ ಕೊಡಬಾರದು.

ಸಿರುಗುಪ್ಪ ಎಸಿ ಮೇಸ್ತ್ರಿ

ಕೊಟ್ಟಿಲ್ಲ ಸರ್. ಗ್ಯಾಸ್ ಅಲ್ಲ ಅಂದೆ ಅಷ್ಟೇ. ಧೂಳು ತೊಳೆದ ಮೇಲೆ ಅಳೆಯಲಿ.

ಗಂಗಾವತಿ ಮಿಲ್

ನಡುವೆ ನನ್ನದೊಂದು. ನಮ್ಮ ಗಾಡಿಯ ರೂಫ್‌ಟಾಪ್ ಎಸಿ ತಂಪು ಚೆನ್ನಾಗಿದೆ, ಆದರೆ ಮಂಚದ ಮೇಲೆ ನೀರು ತೊಟ್ಟಿಕ್ಕುತ್ತದೆ. ಡ್ರೈನ್ ಪೈಪೇ ಕಾಣುವುದಿಲ್ಲ, ಎಲ್ಲಿ ಹುಡುಕಲಿ?

ಕೊಪ್ಪಳದವ, ಈಗ ಟೆಕ್ಸಾಸ್

ಗಂಗಾವತಿ ಅಣ್ಣ, ಹೆಚ್ಚಿನ ರೂಫ್‌ಟಾಪ್ ಎಸಿಗಳಿಗೆ ಡ್ರೈನ್ ಪೈಪ್ ಇರುವುದಿಲ್ಲ. ನೀರು ತಳದ ತಟ್ಟೆಯಿಂದ ಛಾವಣಿ ಮೇಲೇ ಹರಿದು ಬದಿಗೆ ಇಳಿಯುತ್ತದೆ. ನಿಮ್ಮಲ್ಲಿ ತಟ್ಟೆಯ ಸಣ್ಣ ತೂತಿಗೆ ಹೊಟ್ಟು ಕಟ್ಟಿಕೊಂಡಿರಬೇಕು. ಇಲ್ಲದಿದ್ದರೆ ಗ್ಯಾಸ್ಕೆಟ್ ಸಡಿಲ. ಒಳಗಿನ ಸೀಲಿಂಗ್ ಕವರ್ ಬಿಚ್ಚಿದರೆ ನಾಲ್ಕು ಉದ್ದ ಬೋಲ್ಟ್ ಕಾಣುತ್ತವೆ. ಸ್ವಲ್ಪ ಸ್ವಲ್ಪವೇ ಎದುರುಬದುರು ಬಿಗಿ ಮಾಡಿ. ಒಂದಿಂಚು ಗ್ಯಾಸ್ಕೆಟ್ ಅರ್ಧ ಇಂಚಿಗೆ ಇಳಿದರೆ ನಿಲ್ಲಿಸಿ. ಜಾಸ್ತಿ ಬಿಗಿದರೆ ಛಾವಣಿ ತಗ್ಗಾಗಿ ನೀರು ಅಲ್ಲೇ ನಿಲ್ಲುತ್ತದೆ. ಸಿಲಿಕಾನ್ ಬಳಿಯಲು ಹೋಗಬೇಡಿ, ಮುಂದೆ ಬಿಚ್ಚುವವನು ಶಾಪ ಹಾಕುತ್ತಾನೆ.

ಟಿಟಿ ಬ್ರದರ್, ನಿಮ್ಮ ಸೀಲಿಂಗ್ ಕವರ್ ಕೂಡ ಬಿಚ್ಚಿ. ತಂಪು ಗಾಳಿ ಬರುವ ಭಾಗಕ್ಕೂ ಗಾಳಿ ಎಳೆದುಕೊಳ್ಳುವ ಭಾಗಕ್ಕೂ ನಡುವೆ ಒಂದು ತೆಳು ಅಡ್ಡಗೋಡೆ ಇರುತ್ತದೆ. ಅದರ ಸಂದಿ ಬಿಟ್ಟಿದ್ದರೆ ತಂಪು ಗಾಳಿ ರೂಮಿಗೆ ಬರದೆ ಅಲ್ಲೇ ವಾಪಸ್ ಒಳಗೆ ಹೋಗುತ್ತದೆ. ಇಲ್ಲಿ ಹೊಸ ಗಾಡಿಗಳಲ್ಲೂ ಇದು ಇರುತ್ತದೆ. ಅಲ್ಯೂಮಿನಿಯಂ ಫಾಯಿಲ್ ಟೇಪ್ ಹಾಕಿ. ಪ್ಯಾಕಿಂಗ್ ಟೇಪ್ ಒಂದು ಬೇಸಿಗೆ ನಿಲ್ಲುವುದಿಲ್ಲ. ಎಳೆಯುವ ಗಾಳಿ, ಬಿಡುವ ಗಾಳಿ ಎರಡಕ್ಕೂ ಥರ್ಮಾಮೀಟರ್ ಇಟ್ಟು ನೋಡಿ. 9ರಿಂದ 12 ಡಿಗ್ರಿ ವ್ಯತ್ಯಾಸ ಇದ್ದರೆ ಯೂನಿಟ್ ತನ್ನ ಕೆಲಸ ಮಾಡುತ್ತಿದೆ ಅಂತ. ಅಷ್ಟಾದ ಮೇಲೂ ಸೆಕೆ ಅನಿಸಿದರೆ ತಪ್ಪು ಗಾಡಿಯದ್ದು.

ಹೊಸಪೇಟೆ ಡ್ರೈವರ್

ಟಿಟಿಗೆ ಸುತ್ತ ಗಾಜು, ಅದಕ್ಕೆ ಎಷ್ಟು ಟನ್ ಹಾಕಿದರೂ ಸಾಲುವುದಿಲ್ಲ. ಗಾಜಿಗೆ ಒಳಗಿನಿಂದ ಬೆಳ್ಳಿ ಬಣ್ಣದ ಫೋಮ್ ಶೀಟ್ ಕತ್ತರಿಸಿ ಸಿಗಿಸಿ. ಛಾವಣಿಗೆ ಬಿಳಿ ಬಣ್ಣ ಹೊಡೆಸಿ. ಮತ್ತೆ ಹಂಪಿ ಕಡೆ ಬಂಡೆ ಪಕ್ಕ ಗಾಡಿ ನಿಲ್ಲಿಸಬೇಡಿ. ಫೋಟೋಗೆ ಚೆಂದ, ಆದರೆ ಆ ಬಂಡೆ ರಾತ್ರಿ ತನಕ ಕಾವು ಬಿಡುತ್ತಲೇ ಇರುತ್ತದೆ. ಆನೆಗೊಂದಿಯಲ್ಲಿ ಗದ್ದೆ ಬದಿ ನೋಡಿ ನಿಲ್ಲಿಸಿ.

ಕೌಲ್‌ಬಜಾರ್ ಟಿಟಿ

ಎಲ್ಲಾ ಮಾಡಿದೆ, ಫಲಿತಾಂಶ ಇಲ್ಲಿದೆ.

ಕೆಪಾಸಿಟರ್ ಮೇಲೆ 40 ಪ್ಲಸ್ 5 ಎಂಎಫ್‌ಡಿ (ಮೈಕ್ರೋಫ್ಯಾರಡ್; ಕಂಪ್ರೆಸರ್‌ಗೆ 40, ಫ್ಯಾನ್‌ಗೆ 5) ಅಂತಿದೆ, 6 ಪರ್ಸೆಂಟ್ ಆಚೀಚೆ ಇರಬಹುದಂತೆ. 40ರ ಕಡೆ 31 ಬಂತು. ತಲೆ ಸ್ವಲ್ಪ ಉಬ್ಬಿಯೂ ಇತ್ತು. ಅಂಗಡಿಯಲ್ಲಿ ಜೋಡಿಯದ್ದು ಸಿಗಲಿಲ್ಲ. 40ರದ್ದೊಂದು, 5ರದ್ದೊಂದು ಬೇರೆ ಬೇರೆ ತಂದೆ, ಎರಡೂ 440 ವೋಲ್ಟ್. ರಾಯಚೂರು ಅಣ್ಣ ಮೆಸೇಜ್‌ನಲ್ಲಿ ಹೇಳಿದ ಹಾಗೆ ಕಾಮನ್ ವೈರ್ ಎರಡಕ್ಕೂ ಸೇರಿಸಿದೆ.

ಅಡ್ಡಗೋಡೆಯ ಟೇಪ್ ಪೂರ್ತಿ ಕಳಚಿ ನೇತಾಡುತ್ತಿತ್ತು. ಫಾಯಿಲ್ ಟೇಪ್ ಹಾಕಿದೆ. ಮುಂಚೆ 34 ಡಿಗ್ರಿ ಗಾಳಿ ಎಳೆದು 27 ಡಿಗ್ರಿಯದ್ದು ಬಿಡುತ್ತಿತ್ತು, ಈಗ 34ಕ್ಕೆ 24. ವೈರ್ 2.5 ಎಂಎಂ ಹಾಕಿ, ಉದ್ದವನ್ನೂ ಅರ್ಧ ಮಾಡಿದೆ. ಏಳುವಾಗ ಈಗ 84 ಅಲ್ಲ, 95ರ ಹತ್ತಿರ.

ಗುಂಯ್ ಟಕ್ ನಿಂತಿದೆ. ಆದರೆ ಮಧ್ಯಾಹ್ನ ಎರಡರ ಬಿಸಿಲಿನಲ್ಲಿ ಒಂದು ಗಂಟೆ ಚೆನ್ನಾಗಿ ಓಡಿ ಮತ್ತೆ ಓವರ್‌ಲೋಡ್ ಬೀಳುತ್ತದೆ. ಕ್ಲ್ಯಾಂಪ್ ಮೀಟರ್‌ನಲ್ಲಿ 16 ಆಂಪ್ಸ್. ಪ್ಲೇಟಿನಲ್ಲಿ 12.5.

ಸಿರುಗುಪ್ಪ ಎಸಿ ಮೇಸ್ತ್ರಿ

ಗ್ಯಾಸ್ ಸರಿಯಾಗಿದೆ. ಆ ವಿಷಯ ಮುಗಿಯಿತು.

ರಾಯಚೂರು ರಿವೈಂಡಿಂಗ್

ಉಳಿದಿದ್ದು ಹರ್ಟ್ಸ್ ಒಂದೇ. ಅದಕ್ಕೆ ಸ್ಕ್ರೂ ಡ್ರೈವರ್‌ನಲ್ಲಿ ಔಷಧಿ ಇಲ್ಲ. ಎರಡು ದಾರಿ. 60 ಹರ್ಟ್ಸ್, 120 ವೋಲ್ಟ್ ಕೊಡುವ ಪ್ಯೂರ್ ಸೈನ್ ಇನ್ವರ್ಟರ್ ಹಾಕಿ ಬ್ಯಾಟರಿಯಿಂದ ಓಡಿಸುವುದು. 3 ಕೆವಿಎಗಿಂತ ಕಡಿಮೆ ಬೇಡ, ಜೊತೆಗೆ ಏಳುವಾಗಿನ ಎಳೆತ ಕಡಿಮೆ ಮಾಡುವ ಸಾಫ್ಟ್ ಸ್ಟಾರ್ಟರ್ ಹಾಕಿದರೆ ಇನ್ನೂ ಒಳ್ಳೆಯದು. ಆದರೆ ಒಂದೂವರೆ ಕಿಲೋವ್ಯಾಟ್ ಎಳೆಯುವ ಎಸಿಗೆ ಬ್ಯಾಟರಿ ಬ್ಯಾಂಕ್ ಅಂದರೆ ದುಡ್ಡು ಸುರಿದ ಹಾಗೇ. ಇನ್ನೊಂದು ದಾರಿ, ಈ ಯೂನಿಟ್ ಇಳಿಸಿ 230 ವೋಲ್ಟ್ 50 ಹರ್ಟ್ಸ್‌ನದ್ದು ಏರಿಸುವುದು. ನಾನು ಎರಡನೆಯದಕ್ಕೆ.

ಕೊಪ್ಪಳದವ, ಈಗ ಟೆಕ್ಸಾಸ್

ಏರಿಸುವ ಮುಂಚೆ ತೂತಿನ ಅಳತೆ ನೋಡಿಕೊಳ್ಳಿ. ನಿಮ್ಮದು 14 ಇಂಚು ಅಂದರೆ 355 ಮಿಲಿಮೀಟರ್. ಯುರೋಪ್ ಕಡೆಯ ಯೂನಿಟ್‌ಗಳಿಗೆ 400 ಮಿಲಿಮೀಟರ್ ಚೌಕ ಸಾಮಾನ್ಯ. ಛಾವಣಿ ಕತ್ತರಿಸುವುದಾದರೆ ಸುತ್ತ ಫ್ರೇಮ್ ಕೊಡಿಸಲೇಬೇಕು.

ಹೊಸಪೇಟೆ ಡ್ರೈವರ್

ಅಷ್ಟೆಲ್ಲಾ ಯಾಕೆ? ಮನೆಗೆ ಹಾಕುವ ಒಂದು ಟನ್ ಇನ್ವರ್ಟರ್ ಸ್ಪ್ಲಿಟ್ ತಂದು ಔಟ್‌ಡೋರ್ ಯೂನಿಟ್ ಹಿಂದೆ ಏಣಿ ಜಾಗದಲ್ಲಿ ಕಟ್ಟಿ. ಸಿರುಗುಪ್ಪದಲ್ಲೂ ಪಾರ್ಟ್ ಸಿಗುತ್ತದೆ. ನಿಧಾನಕ್ಕೆ ಏಳುತ್ತದೆ, ಚಿಕ್ಕ ಜನರೇಟರ್‌ನಲ್ಲೂ ನಡೆಯುತ್ತದೆ.

ಸಿರುಗುಪ್ಪ ಎಸಿ ಮೇಸ್ತ್ರಿ

ಪಾರ್ಟ್ ಸಿಗುತ್ತದೆ, ಕೆಲಸವೂ ನನಗೇ ಸಿಗುತ್ತದೆ. ಗಾಡಿ ಕುಣಿತಕ್ಕೆ ಪೈಪ್ ಜೋಡಿಸುವ ಫ್ಲೇರ್ ನಟ್ ಸಡಿಲವಾಗಿ ನಿಜವಾಗಿಯೂ ಗ್ಯಾಸ್ ಹೋಗುವುದು ಅಲ್ಲಿಯೇ. ಹಾಕುವುದೇ ಆದರೆ ಪೈಪ್ ಎರಡು ಸುತ್ತು ಸುತ್ತಿ ಬಿಡಿ, ಕೆಳಗೆ ರಬ್ಬರ್ ಮೌಂಟ್ ಕೊಡಿ, ವರ್ಷಕ್ಕೊಮ್ಮೆ ನಟ್ ಚೆಕ್ ಮಾಡಿಸಿ.

ಹೊಸಪೇಟೆ ಡ್ರೈವರ್

ನಮ್ಮ ಗಾಡಿಯಲ್ಲಿ ಎರಡು ಬೇಸಿಗೆಯಿಂದ ಏನೂ ಆಗಿಲ್ಲ.

ಸಿರುಗುಪ್ಪ ಎಸಿ ಮೇಸ್ತ್ರಿ

ಮೂರನೆಯದು ಬರಲಿ ಸರ್.

ಕೌಲ್‌ಬಜಾರ್ ಟಿಟಿ

ಈ ಸಲ ಇದ್ದದ್ದರಲ್ಲೇ ಹೋಗಿ ಬರುತ್ತೇವೆ. ಬೆಳಿಗ್ಗೆ ಎಂಟಕ್ಕೇ ಎಸಿ ಹಾಕಿ ಗಾಡಿ ತಣ್ಣಗೆ ಮಾಡಿಟ್ಟುಕೊಳ್ಳುವುದು, ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಆಫ್. ಆ ಹೊತ್ತಿಗೆ ಮಕ್ಕಳು ನೆರಳಲ್ಲಿ ಆಡಿಕೊಳ್ಳಲಿ. ಗಾಜಿಗೆ ಫೋಮ್ ಶೀಟ್ ಕತ್ತರಿಸಿ ಆಯಿತು. ಮಳೆ ಬಿದ್ದ ಮೇಲೆ 50 ಹರ್ಟ್ಸ್‌ನ ರೂಫ್‌ಟಾಪ್ ಯೂನಿಟ್ ಹಾಕಿಸುತ್ತೇನೆ. ಸ್ಪ್ಲಿಟ್‌ಗೆ ಮನೆಯಲ್ಲಿ ಒಪ್ಪುತ್ತಿಲ್ಲ, ಹಿಂದಿನ ಏಣಿ ಹೋಗುತ್ತದೆ ಅಂತ.

ರಾಯಚೂರು ರಿವೈಂಡಿಂಗ್

ಓವರ್‌ಲೋಡ್ ಬಿದ್ದರೆ ಸ್ವಿಚ್ ಆಫ್ ಮಾಡಿ ಅರ್ಧ ಗಂಟೆ ಬಿಡಿ. ಬೇರೆ ಯಾವಾಗಲೇ ಆಫ್ ಮಾಡಿದರೂ ಮೂರು ನಿಮಿಷದ ಒಳಗೆ ಮತ್ತೆ ಹಾಕಬೇಡಿ, ಎರಡು ಕಡೆಯ ಪ್ರೆಶರ್ ಸಮ ಆಗಬೇಕು. ಇದನ್ನು ಮಕ್ಕಳಿಗೆ ಹೇಳಿ, ರಿಮೋಟ್ ಅವರ ಕೈಯಲ್ಲೇ ಇರುತ್ತದೆ.

ಆ ಮಂಚದ ಕೆಳಗಿನ ಡಬ್ಬ ಮಾರುವುದಾದರೆ ಮೊದಲು ನನಗೆ ಹೇಳಿ. ಬಿಚ್ಚಿ ನೋಡೋಣ, ತಾಮ್ರ ಇದ್ದರೆ ಒಳ್ಳೆ ರೇಟ್ ಕೊಡುತ್ತೇನೆ.

ಕೌಲ್‌ಬಜಾರ್ ಟಿಟಿ

ಅಲ್ಯೂಮಿನಿಯಂ ಇದ್ದರೆ?

ರಾಯಚೂರು ರಿವೈಂಡಿಂಗ್

ಇದ್ದರೆ ಹೈದರಾಬಾದಿಗೆ ವಾಪಸ್ ಕಳಿಸಿ, ಸ್ಟೆಬಿಲೈಜರ್ ಅಂತ.